ನಾ ಇಲ್ದಾಗ ಇದನ್ನ ಹಚ್ಚು

ರೊಟ್ಟಿ ಅರ್ಧ ಬಡಿದಿದ್ದೆ. ಕಿಟಕಿಯ ಕಟ್ಟೆಗೆ ಒರಗಿಸಿಟ್ಟಿದ್ದ ಫೋನು ಕುಂಯ್ ಎಂದಿತು. ಶಾಲೆಯ ಗುಂಪಿಗೆ ಒಂದು ಸದ್ದು, ಮನೆಯವರಿಗೆ ಒಂದು ಸದ್ದು, ದೂರು ಬಂದರೆ ಈ ಸದ್ದು ಎಂದು ನಾನೇ ಬೇರೆ ಬೇರೆ ಇಟ್ಟುಕೊಂಡಿದ್ದೇನೆ, ಕೈತುಂಬ ಹಿಟ್ಟಿದ್ದಾಗಲೂ ತಿಳಿಯಲಿ ಎಂದು.

ನನ್ನ ಕೆಲಸವೇ ದೂರು ನೋಡುವುದು. ಯಾದಗಿರಿಯಲ್ಲಿ ನಸೀರುದ್ದೀನ ಸರ್ ನಡೆಸುವ ‘ಪದಗಂಟು’ ಎಂಬ ಜಾಲತಾಣವಿದೆ. ಬೀಸುವ ಪದ, ಹಂತಿ ಪದ, ಮೊಹರಮ್ಮಿನ ಪದ, ತೊಟ್ಟಿಲ ಪದ, ಹಾಡಿದ್ದನ್ನು ಯಾರು ಬೇಕಾದರೂ ಫೋನಿನಲ್ಲಿ ಹಿಡಿದು ಅಲ್ಲಿ ಹಾಕಬಹುದು. ‘ಅದು ನಮ್ಮದು, ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಹಾಕಿದ್ದಾರೆ, ತೆಗೆಸಿ’ ಎಂದು ದೂರು ಬಂದರೆ ಮೊದಲು ಆ ಪದವನ್ನು ಜನರ ಕಣ್ಣಿಂದ ಮರೆ ಮಾಡುತ್ತೇನೆ. ಆಮೇಲೆ ಹಾಕಿದವರನ್ನು ಕೇಳುತ್ತೇನೆ. ಯಾರಾದರೂ ಎದುರು ಅರ್ಜಿ ಕೊಟ್ಟರೆ ಎರಡೂ ಕಡೆಯ ಮಾತು ನೋಡಬೇಕು. ಯಾರೂ ಕೊಡದಿದ್ದರೆ ಅಳಿಸಬೇಕು. ಅಳಿಸಿದ್ದು ಮತ್ತೆ ಬರುವುದಿಲ್ಲ.

ಗುರುಮಠಕಲ್ ಕಡೆಯ ಇಬ್ಬರು ಒಮ್ಮೆ ಒಂದೇ ಪದವನ್ನು ‘ನಮ್ಮಜ್ಜಂದು, ನಮ್ಮಜ್ಜಂದು’ ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಬೈದಾಡಿಕೊಂಡರು. ಕಡೆಗೆ ನೋಡಿದರೆ ಇಬ್ಬರಿಗೂ ಒಬ್ಬನೇ ಅಜ್ಜ. ಮೊದಲು ಅರ್ಜಿಯಲ್ಲಿ ‘ಹಾಡಿದವರಿಗೂ ನಿಮಗೂ ಇರುವ ಸಂಬಂಧ’ ಎಂದು ಕೇಳುತ್ತಿದ್ದೆವು. ಜನ ‘ಸಂಬಂಧ ಛಲೋ ಅದ’ ಎಂದು ಬರೆಯುತ್ತಿದ್ದರು. ‘ಅಣ್ಣ ತೀರಿದ ಮ್ಯಾಲ ಸಂಬಂಧ ಇಲ್ಲ, ಮಾತು ಬಿಟ್ಟೀವಿ’ ಎಂದವರೂ ಇದ್ದರು. ಆಗ ನಾನೇ ಆ ಸಾಲು ತೆಗೆದು, ಮನೆಗೆ ಬಂದ ಹೊಸಬರನ್ನು ನಾವು ಕೇಳುವ ಹಾಗೆ ಬರೆದೆ: ‘ಹಾಡಿದವರು ನಿಮಗೆ ಏನಾಗಬೇಕು?’ ಅಂದಿನಿಂದ ಎಲ್ಲರೂ ನೆಟ್ಟಗೆ ಬರೆಯುತ್ತಾರೆ. ಅಜ್ಜಿ ಆಗಬೇಕು. ಚಿಗವ್ವ ಆಗಬೇಕು. ಏನೂ ಆಗಬೇಕಿಲ್ಲ, ಓಣಿಯವರು.

ಹಿಟ್ಟಿನ ಕೈ ಒರೆಸಿ, ಕಿರುಬೆರಳಿನಿಂದ ಫೋನು ಮುಟ್ಟಿದೆ. ‘ತೊಟ್ಟಿಲ ಪದ. ಶಹಾಪುರ ಕಡೆ. ಹಾಡಿದವರು ಗೊತ್ತಿಲ್ಲ.’ ಹಾಕಿದವನು ಶಹಾಪುರ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯ ಲಾಡ್ಲೇಸಾಬ. ಪದವನ್ನು ಮರೆ ಮಾಡಿ, ಕೇಳೋಣವೆಂದು ಹಚ್ಚಿ, ಒಲೆಯ ಕಡೆ ತಿರುಗಿದೆ. ಒಂದೆರಡು ಸಲ ಬಡಿದು ರೊಟ್ಟಿ ಎತ್ತಲು ಕೈ ನಿಲ್ಲಿಸಿದೆ.

ನನ್ನ ಕೈ ನಿಂತಿತು. ಬಡಿತ ನಿಲ್ಲಲಿಲ್ಲ.

ಟಪ್ ಟಪ್, ಸರ್ರ್. ಟಪ್ ಟಪ್, ಸರ್ರ್. ಫೋನಿನೊಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಎರಡು ಬಡಿತಕ್ಕೊಮ್ಮೆ ಬಳೆಗಳನ್ನು ಮೊಳಕೈ ಕಡೆ ಸರಿಸಿಕೊಳ್ಳುತ್ತಿದ್ದರು. ಹಾಗೆ ಬಡಿಯುತ್ತಿದ್ದವಳು ಒಬ್ಬಳೇ. ದೊಡ್ಡ ಬಳೆ ತೊಡಬೇಡವೇ ಎಂದು ಅವ್ವ ಎಷ್ಟು ಬೈದರೂ ಕೇಳದೆ, ಜಾರುವ ಬಳೆಗಳನ್ನೇ ತೊಟ್ಟು, ಪ್ರತಿ ರೊಟ್ಟಿಗೂ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದವಳು. ದನಿ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಆಮೇಲೆ ದನಿ ಬಂತು.

ಜೋ ಜೋ ನನ್ನ ತಿಪ್ಪವ್ವ
ತಿಪ್ಪಿ ಮ್ಯಾಗಿನ ಹೂವವ್ವ
ಕಾಲುವಿ ನೀರು ಬರತಾವ
ನಿನ್ನ ನಿದ್ದಿ ತರತಾವ
ಏಳಬ್ಯಾಡ ತಿಪ್ಪವ್ವ

“ಆಂ? ಬಂದೆ ಅವ್ವಾ!” ಎಂದು ಹಿತ್ತಲಿನಿಂದ ನನ್ನ ಮಗಳು ಓಗೊಟ್ಟಳು.

ನಾನು ಹಿಟ್ಟಿನ ಕೈಯಿಂದಲೇ ಫೋನಿನ ಬಾಯಿ ಮುಚ್ಚಿಸಿದೆ. ತಿಪ್ಪವ್ವ ಮುಖದ ಮೇಲೆ ಸಾಬೂನು ಹಾಗೇ ಇಟ್ಟುಕೊಂಡು ಬಾಗಿಲಿಗೆ ಬಂದು ನಿಂತಳು. ಒಂದು ಕಣ್ಣು ಮುಚ್ಚಿತ್ತು.

“ಯಾಕ ಕರ್ದಿ?”

“ನಾ ಕರೀಲಿಲ್ಲವ್ವ.”

“ಕರ್ದಿ. ತಿಪ್ಪವ್ವ ಅಂದಿ. ನಿನ್ನ ದನೀನ ಇತ್ತು.”

“ಫೋನಿನ್ಯಾಗ ಯಾವುದೋ ಪದ. ಮುಖ ತೊಳ್ಕೋ ಹೋಗು, ಕಣ್ಣಾಗ ಉರೀತದ.”

ಅವಳು ಹೋಗಲಿಲ್ಲ. ಫೋನು ನೋಡಿದಳು, ನನ್ನ ಕೈ ನೋಡಿದಳು. “ಅವ್ವಾ, ನನಗ ತಿಪ್ಪವ್ವ ಅಂತ…” ಎಂದು ಶುರು ಮಾಡಿದಳು.

“ಏನ?”

“ಏನಿಲ್ಲ.”

ಈ ‘ಏನಿಲ್ಲ’ ಕೆಲವು ದಿನಗಳಿಂದ ನಡೆದಿದೆ. ಶಾಲೆಯಲ್ಲಿ ಅವಳು ತನುಜಾ, ಮನೆಯಲ್ಲಿ ಮಾತ್ರ ತಿಪ್ಪವ್ವ. ಪಕ್ಕದ ಕ್ವಾರ್ಟರ್ಸಿನ ಹಣಮಂತಮ್ಮ ಮಾತಿಗೆ ಮಾತು ಬಂದಾಗ ಆ ಹೆಸರಿನ ಅರ್ಥ ಹೇಳಿದ್ದಾಳೆ. ಮೊದಲ ಕೂಸು ದಕ್ಕದೆ ಹೋದರೆ, ಎರಡನೆಯದನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಬಿಸಾಡಿದ್ದನ್ನು ಎತ್ತಿಕೊಂಡಂತೆ ಎತ್ತಿಕೊಂಡು ತಿಪ್ಪವ್ವ ಎಂದು ಕರೆಯುತ್ತಾರೆ, ಸಾವಿಗೆ ಬೇಡದ ಕೂಸು ಎನಿಸಲಿ ಎಂದು. ಅಷ್ಟು ಕೇಳಿ ಬಂದ ರಾತ್ರಿ ಮಗಳು ಗೋಡೆಯ ಮೇಲಿನ ಫೋಟೊಗಳನ್ನು ಒಂದೊಂದಾಗಿ ನೋಡಿದಳು. ಹಾಗಾದರೆ ತನಗಿಂತ ಮೊದಲು ಈ ಮನೆಯಲ್ಲಿ ಒಂದು ಕೂಸು ಇರಬೇಕಿತ್ತಲ್ಲ, ಅದು ಎಲ್ಲಿ ಎಂದು ಅವಳು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಮೊದಲ ಕೂಸು ಈ ಮನೆಯಲ್ಲಿ ಹುಟ್ಟಿರಲಿಲ್ಲ. ತಿಪ್ಪವ್ವನೂ ಇಲ್ಲಿ ಹುಟ್ಟಿದವಳಲ್ಲ. ಇಬ್ಬರನ್ನೂ ಹೆತ್ತವಳು ನನ್ನ ತಂಗಿ ದೇವಕಮ್ಮ. ತಿಪ್ಪವ್ವನಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಆಗ ಪಕ್ಕದ ಹಳ್ಳಿಯಲ್ಲಿದ್ದ ದೇವಕಮ್ಮ ಬಟ್ಟೆ ಒಗೆಯಲು ಕಾಲುವೆಗೆ ಹೋಗಿ ಪಾಚಿಯಲ್ಲಿ ಕಾಲು ಜಾರಿದಳು. ತುಂಬಿದ ಕಾಲುವೆಗೆ ಸದ್ದಿರುವುದಿಲ್ಲ. ಅವಳ ಗಂಡ ಬಸವಂತ್ರಾಯ ತೊಟ್ಟಿಲು ಸಮೇತ ಕೂಸನ್ನು ತಂದು ನನ್ನ ಮುಂದೆ ಇಟ್ಟ. ನನಗೆ ಮಕ್ಕಳಿರಲಿಲ್ಲ.

ಮಗಳು ಮುಖ ತೊಳೆಯಲು ಹೋದ ಮೇಲೆ ದೂರು ಕೊಟ್ಟವರ ಹೆಸರು ಓದಿದೆ. ‘ಬಸವಂತ್ರಾಯ, ಸುರಪುರ. ಹಾಡಿದಾಕಿ ತೀರಿಹೋದ ನನ್ನ ಹೆಂಡತಿ. ರಿಕಾರ್ಡ್ ಮಾಡಿದ್ದು ನಾನು. ನನ್ನ ಒಪ್ಪಿಗೆ ಇಲ್ಲ. ಅಳಿಸಬೇಕು.’ ಇದನ್ನು ಓದುವವಳು ನಾನು ಎಂದು ಅವನಿಗೆ ಗೊತ್ತಿರಲಿಲ್ಲ.

ಹಂಚಿನ ಮೇಲಿನ ರೊಟ್ಟಿ ಕರಿಯಾಗಿತ್ತು.

ನನ್ನ ಗಂಡ ಸಾಬಣ್ಣ ಕಾಲುವೆ ಕಾಯುವ ಲಸ್ಕರ್. ಭೀಮರಾಯನಗುಡಿ ಕ್ಯಾಂಪಿನ ಈ ಮನೆ ಆ ಕೆಲಸದಿಂದ ಬಂದದ್ದು. ತಿಪ್ಪವ್ವ ಶಾಲೆಗೆ ಹೋದ ಮೇಲೆ ಅವರು ಗೇಟು ನೋಡಿಕೊಂಡು ಚಹಾಕ್ಕೆ ಬಂದರು. ನಾನು ಮಾತಾಡದೆ ಪದ ಹಚ್ಚಿದೆ. ಮೊದಲ ಬಡಿತ ಕೇಳುತ್ತಲೇ ಅವರು ಬಟ್ಟಲು ಕೆಳಗಿಟ್ಟರು. ಆ ದಿನ ಕೆಳಗಿನ ಗೇಟಿನಲ್ಲಿ ಅವಳನ್ನು ಎತ್ತಿದವರು ಅವರು. ಕೈಯ ಬಳೆ ಒಂದೂ ಒಡೆದಿರಲಿಲ್ಲ ಎಂದು ಒಮ್ಮೆ ಹೇಳಿದ್ದರು, ಮತ್ತೆ ಆ ಮಾತು ಎತ್ತಿಲ್ಲ.

“ಬಂದ್ ಮಾಡು,” ಎಂದರು.

“ಕೂಸಿಗೆ ಹೇಳೂಣಲ್ಲ?”

“ಹೇಳೂಣ. ಈ ಸಲದ ನೀರು ನಿಲ್ಲಲಿ.”

“ನೀರು ನಿಂತಾಗ, ನೀರು ಬಿಡ್ಲಿ ಅಂತೀರಿ.”

ಅವರು ನಕ್ಕ ಹಾಗೆ ಮಾಡಿದರು, ನಗು ಬರಲಿಲ್ಲ. “ಅಕಿ ನಿನಗ ಅವ್ವ ಅನ್ನೂದು ಬಿಟ್ರ ಏನ ಮಾಡ್ತಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದರು. ಆ ಪ್ರಶ್ನೆ ಅವರ ಹಿಂದೆ ಹೋಗಲಿಲ್ಲ. ಇಲ್ಲೇ ಅಡುಗೆಮನೆಯಲ್ಲಿ ಕೂತಿತು.

ಪಾತ್ರೆ ತೊಳೆದೆ. ನಲ್ಲಿ ಎರಡೆರಡು ಹನಿ ಬಿಟ್ಟು ಸುಮ್ಮನಾಗುತ್ತಿತ್ತು, ಮತ್ತೆ ಎರಡು ಹನಿ. ಗಟ್ಟಿಯಾಗಿ ತಿರುವಿದೆ. ಹಿತ್ತಲಾಚೆ ಹಣಮಂತಮ್ಮ ಬಟ್ಟೆ ಒಗೆಯುತ್ತಿದ್ದಳು. ಅವಳೂ ಎರಡು ಸಲ ಬಡಿದು ತಡೆಯುತ್ತಿದ್ದಳು. ಇಷ್ಟು ವರ್ಷ ಹೀಗೇ ಒಗೆಯುತ್ತಿದ್ದಳೋ ಇವತ್ತೇ ಹೀಗೋ ನೆನಪಾಗಲಿಲ್ಲ. ಹೊರಗೆ ಬಂದು ನಿಂತರೆ ಕ್ವಾರ್ಟರ್ಸಿನ ಹಿಂದೆ ಕಾಲುವೆ ದಂಡೆಮಟ್ಟ ತುಂಬಿ, ನಿಂತ ನೀರಿನ ಹಾಗೆ ಹೋಗುತ್ತಿತ್ತು.

ನಿಯಮದಂತೆ ಮೊದಲು ಲಾಡ್ಲೇಸಾಬನಿಗೆ ಫೋನು ಮಾಡಿದೆ.

“ಅರೇ ಬಾಯಿ, ಅದು ಹಳೇ ಕಂಪ್ಯೂಟರ್‌ನ್ಯಾಗ ಸಿಕ್ಕಿದ್ದು,” ಎಂದ. “ಯಾರೋ ಒಬ್ಬ ಹೆಣ್ಮಗಳು ಫೋನ್ ರಿಪೇರಿಗೆ ಕೊಟ್ಟಿದ್ಲು. ಹಾಡೆಲ್ಲ ಹೋಗಬಾರದು ಅಂತ ಗಿಚ್ಚಿ ತಾಕೀದ ಮಾಡಿದ್ಲು, ಅದಕ್ಕ ತೆಗದು ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಫೋನ್ ಒಯ್ಯಾಕ ಬರ್ಲೇ ಇಲ್ಲ ನೋಡ್ರಿ.”

“ಬರಂಗಿರಲಿಲ್ಲ.”

“ಆಂ?”

“ಏನಿಲ್ಲ ಅಣ್ಣಾ. ದೂರು ಬಂದದ. ಎದುರು ಅರ್ಜಿ ಹಾಕ್ತೀರೇನು?”

“ನಂದೇನದ ಅದ್ರಾಗ? ಚಂದ ಇತ್ತು, ಹಾಕ್ದೆ, ಆ ಕಂಪ್ಯೂಟರ್ ಈಗ ಗುಜರಿಗೆ ಹೋತು. ನನ್ನ ಮಗಳ ಕೂಸೂ ಅದ ಕೇಳ್ಕೋತ ಮಲಗತದ. ತೆಗೀತೀನಂದ್ರ ತೆಗೀರಿ, ಜಗಳ ಯಾಕ.”

ಹಾಕಿದವನು ಕೈಬಿಟ್ಟ. ಈಗ ಅಳಿಸುವ ಗುಂಡಿ ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಒತ್ತಿದರೆ ದೂರು ಮುಗಿಯುತ್ತದೆ, ನಾಳೆಯೂ ತಿಪ್ಪವ್ವ ನನ್ನ ಮಗಳಾಗಿಯೇ ಏಳುತ್ತಾಳೆ. ಇಲ್ಲವೆ ಯಾರಿಗೂ ಹೇಳದೆ ಒಂದು ನಕಲು ನನ್ನ ಫೋನಿಗೆ ಇಳಿಸಿಕೊಂಡು ಆಮೇಲೆ ಅಳಿಸಬಹುದು. ಯಾರು ಕೇಳುತ್ತಾರೆ? ಆದರೆ ಇನ್ನೊಬ್ಬರದನ್ನು ತಂದು ತಮ್ಮ ಹತ್ತಿರ ಮುಚ್ಚಿಟ್ಟುಕೊಳ್ಳುವವರಿಗೆ ದಿನಾ ಬುದ್ಧಿ ಹೇಳುವವಳು ನಾನೇ. ನಸೀರುದ್ದೀನ ಸರ್‌ಗೆ ಫೋನು ಮಾಡಿ, ಹಾಡಿದಾಕಿ ನನ್ನ ತಂಗಿ ಎಂದು ಹೇಳಿದೆ.

“ಹಂಗಾದ್ರ ಈ ದೂರು ನೀ ನೋಡಬಾರದು ಮೌನಮ್ಮ,” ಎಂದರು. “ನಾ ನೋಡ್ತೀನಿ. ಪೂರಾ ಕೇಳಿದಿಯೇನು?”

“ಇಲ್ಲ ಸರ್. ಅರ್ಧಕ್ಕ ಬಂದ್ ಮಾಡೀನಿ.”

“ಪೂರಾ ಕೇಳದ ದೂರು ಮುಚ್ಚಬಾರದು ಅಂತ ಹುಡುಗರಿಗೆ ನೀನ ಕಲಸ್ತಿ. ನೋಡು, ಪದ ಯಾರದೂ ಅಲ್ಲ, ದನಿ ಮಾತ್ರ ಒಬ್ಬರದು. ಹಾಡಿದಾಕಿ ಇಲ್ಲಂದ್ರ ಅಕೀ ವಾರಸದಾರರು. ಗಂಡ ಒಬ್ಬ. ಮಕ್ಕಳಿದ್ರ ಅವರೂ. ಗಂಡ ತಗೀರಿ ಅಂದಾನ. ಮಕ್ಕಳು ಇಡ್ರಿ ಅಂದ್ರ ನಮ್ಮಲ್ಲಿ ಅಳಸಂಗಿಲ್ಲ, ಅದು ನಮ್ಮ ಕಾಯದಾ. ಮಕ್ಕಳಿದ್ದಾರೇನು ಅಕೀಗೆ?”

“ಒಬ್ಬಾಕಿ ಇದ್ದಾಳ,” ಎಂದೆ. ಒಂಬತ್ತು ವರ್ಷದಲ್ಲಿ ಹೊರಗಿನವರಿಗೆ ಅದೇ ಮೊದಲ ಸಲ ಹೇಳಿದ್ದು.

“ಸಣ್ಣಾಕಿ ಇದ್ರ ಸಾಕಿದವರು ಬರೀಲಿ, ಆದ್ರ ಅಕೀಗೆ ತಿಳಿಸಿ ಬರೀಲಿ. ನಾಳಿ ಮುಂಜಾನಿತನಕ ಕಾಯ್ತೀನಿ. ಅರ್ಜಿ ಬರಲಿಲ್ಲಂದ್ರ ಅಳಸ್ತೀನಿ. ನಿನ್ನ ತಂಗಿ ಅಂತ ಕಾಯದಾ ಬಾಗಸಲಾಕ ಬರಂಗಿಲ್ಲ. ಸಿಟ್ಟಾಗಬ್ಯಾಡ.”

“ಸಿಟ್ಟಿಲ್ಲ ಸರ್.”

ಒಲೆ ಆರಿಸಿ, ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೂತು ಮೊದಲಿನಿಂದ ಹಚ್ಚಿದೆ. ಬೆಳಿಗ್ಗೆ ರೊಟ್ಟಿಯ ಗಡಿಬಿಡಿಯಲ್ಲಿ ಮೊದಲ ಮಾತು ಕೇಳಿಸಿರಲಿಲ್ಲ. ಬಟ್ಟೆಗೆ ಉಜ್ಜಿದ ಸದ್ದು, ಆಮೇಲೆ ಹತ್ತಿರದಿಂದ ದೇವಕಮ್ಮ: “ಹತ್ತೇದೇನು ಇದು? ಕೆಂಪು ಚುಕ್ಕಿ ಬರಾಕತ್ತದ. ಹತ್ತೇದ.” ಆಮೇಲೆ ಬಡಿತ, ಪದ, ನಡುವೆ ಕೂಸಿನ ಒಂದು ಕೇಕೆ. ಪದ ಮುಗಿದ ಮೇಲೂ ಬಡಿತ ಸ್ವಲ್ಪ ಹೊತ್ತು ನಡೆಯಿತು. ನಂತರ ಅವಳು ನಗುತ್ತ ಹೇಳಿದಳು:

“ಅಕ್ಕಾ, ಕೇಳಾಕತ್ತೀಯಿಲ್ಲೋ? ನಾಳಿಂದ ಹತ್ತಿ ಬಿಡಸಾಕ ಹೋಗ್ತೀನಿ. ನಾ ಇಲ್ದಾಗ ಇದನ್ನ ಹಚ್ಚು, ಸುಮ್ ಮಲಗತಾಳ. ನೀ ಹಾಡಾಕ ಹೋಗಬ್ಯಾಡ ಮತ್ತ. ಕೂಸು ಮಲಗೂದಿರಲಿ, ಓಣಿ ನಾಯಿ ಎಲ್ಲಾ ಏಳತಾವ.”

ಅಲ್ಲಿಗೆ ನಿಂತಿತು.

ನನಗೆ ಹಾಡಲು ಬರುವುದಿಲ್ಲ. ಹೆಸರಿಗೆ ತಕ್ಕ ಹಾಗೆ ಮೌನಮ್ಮ ಎಂದು ಅವಳು ಚಿಕ್ಕಂದಿನಿಂದ ಕಾಡುತ್ತಿದ್ದಳು. ತಿಪ್ಪವ್ವನನ್ನು ನಾನು ಬೆನ್ನು ತಟ್ಟಿ ಮಲಗಿಸಿದೆ, ಪದವಿಲ್ಲದೆ. ತಟ್ಟುವಾಗ ನನ್ನ ಕೈ ಎರಡು ಸಲ ತಟ್ಟಿ ತಡೆಯುತ್ತಿತ್ತು. ಅದು ಯಾರ ಕೈ ಎಂದು ಈ ಮಧ್ಯಾಹ್ನ ತಿಳಿಯಿತು.

ಬಸವಂತ್ರಾಯನಿಗೆ ಫೋನು ಹಚ್ಚಿದಾಗ ನನ್ನ ದನಿ ಗಟ್ಟಿಯಾಗಿಯೇ ಇತ್ತು.

“ಪದದ ದೂರು ನನಗ ಬಂದದ ಬಸವಂತ್ರಾಯ.”

“ಅಕ್ಕಾರ! ನಿಮಗಾ?” ಅವನು ಬೆಚ್ಚಿದ. “ಅದು ನೀವು ನೋಡೂದಂತ ನನಗ್ಯಾಂಗ ಗೊತ್ತಿರ್ತದ?”

“ರಿಕಾರ್ಡ್ ಮಾಡಿದ್ದು ನಾ ಅಂತ ಬರ್ದೀದಿ. ಮೊದಲಿಂದ ಕೇಳೀದೇನು? ಅಕೀನ ಹಚ್ಚಿಕೊಂಡಾಳ.”

ಅತ್ತಲಿಂದ ಎತ್ತಿನ ಗೆಜ್ಜೆ, ಯಾರೋ ಬೈಯುವುದು, ಆಮೇಲೆ ಅವನು ದೂರ ಸರಿದು ಬಂದ ಉಸಿರು ಕೇಳಿಸಿತು. “ಪೂರಾ ಕೇಳಾಕ ಆಗಲಿಲ್ಲರಿ. ಹಂಗ ಬರೀದಿದ್ರ ತಗೀತಾರೋ ಇಲ್ಲೋ ಅಂತ ಬರ್ದೆ. ಊರಾಗ ಎಲ್ಲಾರ ಫೋನಿನ್ಯಾಗ ಅದರ ಲಿಂಕ್ ಓಡಾಡಾಕತ್ತದ. ನಮ್ಮ ರೇಣಮ್ಮ ತನ್ನ ಕೂಸಿಗೆ ಅದನ್ನ ಹಚ್ಚತಾಳ, ಯಾರು ಹಾಡ್ಯಾರಂತ ಅಕೀಗೆ ತಿಳಿದಿಲ್ಲ. ನಾ ಹೊಲದಿಂದ ಬರ್ತೀನಿ, ಮನಿ ಒಳಗ ದೇವಕಮ್ಮ ರೊಟ್ಟಿ ಬಡ್ಯಾಕತ್ತಾಳ. ದಿನಾ. ನಾ ಬಾಗಲ ಹೊರಗ ನಿಂತು, ಮುಗಿಯೂತನಕ ಒಳಗ ಹೋಗಂಗಿಲ್ಲರಿ.”

ಕೂಸನ್ನು ತಂದಿಟ್ಟ ದಿನದ ಹಾಗೆ ಅವನು ಮತ್ತೆ ಹುಡುಗನಂತೆ ಅಳುತ್ತಾನೇನೋ ಎಂದು ಹೆದರಿಕೆಯಾಯಿತು.

“ರೇಣಮ್ಮಗ ಹೇಳು,” ಎಂದೆ. ರೇಣಮ್ಮ ಅವನು ಸುರಪುರಕ್ಕೆ ಹೋದ ಮೇಲೆ ಮದುವೆಯಾದವಳು.

“ನೀವು ಹೇಳೀರೇನು ತಿಪ್ಪವ್ವಗ?”

“ಇನ್ನೂ ಇಲ್ಲ,” ಎಂದೆ.

“ನೋಡ್ರಿ ಅಕ್ಕಾರ, ನನ್ನ ಮ್ಯಾಲ ಹಾಕಬ್ಯಾಡ್ರಿ,” ಎಂದ. ದನಿ ಮೆತ್ತಗಾಗಿತ್ತು. “ಅದು ತಿಪ್ಪವ್ವಂದು. ಅಕಿ ಇರ್ಲಿ ಅಂದ್ರ ಇರ್ಲಿ, ನಾ ತಡಕೋತೀನಿ. ಆದ್ರ ಅಕಿ ಅನ್ನಬೇಕಂದ್ರ ಅಕೀಗೆ ಗೊತ್ತಿರಬೇಕಲ್ಲ.”

ಸಂಜೆ ತಿಪ್ಪವ್ವ ಬಂದು ಚೀಲ ಎಸೆದು, ಹುರಿದ ಶೇಂಗಾ ಬೊಗಸೆಯಲ್ಲಿ ಹಿಡಿದು ನನ್ನ ಎದುರು ಕೂತಳು. ನಾನು ಪುಂಡಿಪಲ್ಲೆ ಬಿಡಿಸುತ್ತಿದ್ದೆ. ನಡುವೆ ನೆಲದ ಮೇಲೆ ಫೋನು ಇತ್ತು. ಅರ್ಜಿ ತೆರೆದಿಟ್ಟಿದ್ದೆ. ‘ಪದ ಇರಲಿ ಎನ್ನುವವರ ಹೆಸರು’ ಎಂಬಲ್ಲಿ ತಿಪ್ಪವ್ವ ಎಂದು ಬರೆದಿದ್ದೆ. ‘ಸಾಕಿದವರ ಹೆಸರು’ ಎಂಬಲ್ಲಿ ಮೌನಮ್ಮ ಎಂದು ಬರೆದಿದ್ದೆ. ಅದನ್ನು ಬರೆಯಲು ಹೊತ್ತು ಹಿಡಿಯಿತು. ಮುಂದಿನ ಸಾಲು ಬರೆಯಲು ಆಗಲಿಲ್ಲ. ಅಲ್ಲಿ ಗೆರೆ ಹೊತ್ತಿ ಆರುತ್ತಿತ್ತು.

“ಮುಂಜಾನಿ ಅದ್ಯಾವ ಪದ ಇತ್ತವ್ವ?” ಎಂದಳು, ಶೇಂಗಾ ಸಿಪ್ಪೆ ಊದುತ್ತ.

“ಕೇಳ್ತೀಯೇನು?”

“ಹ್ಞೂಂ.”

ಹಚ್ಚಿದೆ. ಈ ಸಲ ನಡುವೆ ನಿಲ್ಲಿಸಲಿಲ್ಲ. ‘ಹತ್ತೇದೇನು ಇದು’ ಎನ್ನುವಾಗ ಅವಳು ನಕ್ಕಳು. ಬಡಿತ ಶುರುವಾದಾಗ ತಲೆ ಒಂದು ಕಡೆ ವಾಲಿಸಿ ಕೇಳಿದಳು. ತನ್ನ ಹೆಸರು ಬಂದಾಗ ಬಾಯಿ ತೆರೆದಳು, ಓಗೊಡಲು ಹೋದವಳು ನನ್ನ ಮುಖ ನೋಡಿ ತಡೆದಳು. ನನ್ನ ತುಟಿ ಅಲ್ಲಾಡುತ್ತಿರಲಿಲ್ಲ. ಬೊಗಸೆ ಸಡಿಲಾಗಿ ಶೇಂಗಾ ಒಂದೊಂದೇ ಕೆಳಗೆ ಬಿದ್ದವು. ಕೂಸಿನ ಕೇಕೆ ಬಂದಾಗ ಅವಳು ಫೋನಿನ ಹತ್ತಿರ ಬಾಗಿದಳು, ಒಳಗೆ ಯಾರಿದ್ದಾರೆ ನೋಡುವ ಹಾಗೆ.

‘ಅಕ್ಕಾ, ಕೇಳಾಕತ್ತೀಯಿಲ್ಲೋ?’ ಎಂದು ದೇವಕಮ್ಮ ಕೇಳಿದಳು.

“ಅಕ್ಕಾ ಅಂದ್ರ ನೀನೇನು?” ಎಂದಳು ತಿಪ್ಪವ್ವ, ಸಣ್ಣ ದನಿಯಲ್ಲಿ.

ನಾನು ತಲೆಯಾಡಿಸಿದೆ.

‘ನಾ ಇಲ್ದಾಗ ಇದನ್ನ ಹಚ್ಚು’ ಎಂಬ ಮಾತು ಮುಗಿಯಿತು, ಓಣಿಯ ನಾಯಿಗಳ ಮಾತೂ ಮುಗಿಯಿತು. ಫೋನು ಸುಮ್ಮನಾಯಿತು. ಅಡುಗೆಮನೆಯಲ್ಲಿ ನಲ್ಲಿ ಎರಡು ಹನಿ ಬಿಟ್ಟಿತು. ಪದ ನಿಂತ ಮೇಲೆ ಅರ್ಜಿ ಮತ್ತೆ ಮೇಲೆ ಬಂತು. ತಿಪ್ಪವ್ವ ತನ್ನ ಹೆಸರು ಅಲ್ಲಿರುವುದನ್ನು ನೋಡಿದಳು. ನನ್ನ ಹೆಸರು ನೋಡಿದಳು, ಅದರ ಹಿಂದಿನ ‘ಸಾಕಿದವರು’ ಎಂಬ ಮಾತನ್ನೂ ಓದಿದಳು. ಆಮೇಲೆ ಖಾಲಿ ಸಾಲಿನ ಮೇಲೆ ಬೆರಳಿಟ್ಟು, ಶಾಲೆಯಲ್ಲಿ ಓದುವ ಹಾಗೆ ಬಿಡಿಬಿಡಿಯಾಗಿ ಓದಿದಳು: “ಹಾಡಿದವರು… ನಿಮಗೆ… ಏನಾಗಬೇಕು.”

ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಜರುಗಿಕೊಂಡು ಬಂದು, ಪುಂಡಿಪಲ್ಲೆಯ ಮೊರ ಆಚೆ ಸರಿಸಿ, ನನ್ನ ಮೊಣಕಾಲಿಗೆ ತನ್ನ ಮೊಣಕಾಲು ತಾಗಿಸಿ ಕೂತಳು. ನನ್ನ ಹಸಿರಾದ ಬೆರಳುಗಳನ್ನು ಹಿಡಿದಳು.

“ಅವ್ವಾ,” ಎಂದಳು, “ಇಕಿ ನನಗ ಏನಾಗಬೇಕು?”